ರೂಬಿಕ್ ಕ್ಯೂಬ್ ಕೊನೆಯಲ್ಲಿ ಕೂಡುತ್ತಿಲ್ಲವೇ? ಬಿಚ್ಚುವ ಮೊದಲು ಇಷ್ಟು ನೋಡಿ

ವಿಜಯಪುರದಲ್ಲಿ ನಾನು ಪಂಪ್‌ಸೆಟ್ ಮೋಟಾರ್‌ಗಳ ರಿವೈಂಡಿಂಗ್ ಮಾಡುತ್ತೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ರೈತರು ಮೋಟಾರ್ ಹೊತ್ತು ತಂದು "ಸುಟ್ಟಿದೆ" ಎಂದು ಇಳಿಸುತ್ತಾರೆ. ಎಷ್ಟೋ ಸಲ ಸುಟ್ಟಿರುವುದಿಲ್ಲ. ಕೆಪಾಸಿಟರ್ ಹೋಗಿರುತ್ತದೆ, ಇಲ್ಲವೇ ಬೇರಿಂಗ್ ಹಿಡಿದಿರುತ್ತದೆ. ಹಾಗಾಗಿ ಮೊದಲು ಅಳೆದು ನೋಡುತ್ತೇನೆ, ಆಮೇಲೆ ಬಿಚ್ಚುತ್ತೇನೆ. ಒಮ್ಮೆ ಬಿಚ್ಚಿ ಹರವಿದರೆ ಮೊದಲೇ ಇದ್ದ ದೋಷ ಯಾವುದು, ನಾವು ತಂದಿಟ್ಟದ್ದು ಯಾವುದು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಕಲಸಿದ ಬಣ್ಣಗಳನ್ನು ಪದರ ತಿರುಗಿಸಿ, ಒಂದೊಂದು ಮುಖಕ್ಕೂ ಒಂದೇ ಬಣ್ಣ ಬರುವಂತೆ ಬಿಡಿಸುವ ರೂಬಿಕ್ ಕ್ಯೂಬ್ ಮೂರು ವರ್ಷಗಳಿಂದ ನನ್ನ ಹವ್ಯಾಸ. ಅಂಗಡಿಯ ಮೇಜಿನ ಮೇಲೆ ಕ್ಲ್ಯಾಂಪ್ ಮೀಟರಿನ ಪಕ್ಕದಲ್ಲಿ ಎರಡು ಕ್ಯೂಬ್‌ಗಳು ಯಾವಾಗಲೂ ಇರುತ್ತವೆ. ಅದನ್ನು ಕಂಡು ಓಣಿಯ ಮಕ್ಕಳು ತಮ್ಮ ಕೆಟ್ಟ ಕ್ಯೂಬ್‌ಗಳನ್ನು ತರತೊಡಗಿದರು. ಅವುಗಳನ್ನು ನೋಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಮುಖ್ಯ ಕಾರಣ ನನ್ನ ಅಕ್ಕನ ಮಗ.

ಅವನು ಏಳನೆಯ ತರಗತಿಯಲ್ಲಿದ್ದಾಗ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕ್ಯೂಬ್ ಕೊಂಡಿದ್ದ. ಮೊಬೈಲ್‌ನಲ್ಲಿ ನೋಡಿ, ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಬರೆದುಕೊಂಡು ಎರಡು ತಿಂಗಳು ಪಟ್ಟು ಹಿಡಿದು ಕಲಿತ. ಪ್ರತಿ ಸಲವೂ ಎಲ್ಲ ಮುಗಿದು ಒಂದೇ ಒಂದು ಮೂಲೆ ತಿರುಗಿ ನಿಲ್ಲುತ್ತಿತ್ತು. ಯುಗಾದಿಗೆ ನಾನು ಹೋದಾಗ ಕ್ಯೂಬ್ ಕಪಾಟಿನ ಮೇಲೆ ದೂಳು ತಿನ್ನುತ್ತಿತ್ತು. "ನನಗೆ ಅಷ್ಟು ತಲೆ ಇಲ್ಲ ಮಾಮಾ" ಎಂದ. ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ಎಂದಾದರೂ ಕೆಳಗೆ ಬಿದ್ದಿತ್ತೇ? ಬಿದ್ದಿತ್ತು. ತಂಗಿ ಮಾಳಿಗೆಯಿಂದ ಬೀಳಿಸಿದ್ದಳು, ತುಂಡುಗಳು ಮೆಟ್ಟಿಲ ಮೇಲೆಲ್ಲ ಚೆಲ್ಲಿದ್ದವು, ಮನೆಯವರೆಲ್ಲ ಸೇರಿ ಆರಿಸಿ ಹೇಗೆ ಬಂತೋ ಹಾಗೆ ಒತ್ತಿ ಕೂಡಿಸಿದ್ದರು.

ಬಿಡಿಯಾದ ಕ್ಯೂಬನ್ನು ಕಣ್ಣುಮುಚ್ಚಿ ಕೂಡಿಸಿದರೆ ಅದು ತಿರುಗಿಸಿ ಬಿಡಿಸಬಹುದಾದ ಕ್ಯೂಬ್ ಆಗುವ ಸಾಧ್ಯತೆ ಹನ್ನೆರಡರಲ್ಲಿ ಒಂದು. ಉಳಿದ ಹನ್ನೊಂದರಲ್ಲಿ ಜಗತ್ತಿನ ಯಾವ ಜಾಣನೂ ಅದನ್ನು ಬಿಡಿಸಲಾರ. ಸರಿಯಾಗಿ ಜೋಡಿಸಿದ ಕ್ಯೂಬ್‌ನಲ್ಲಿ 4.3 ಲಕ್ಷ ಕೋಟಿ ಕೋಟಿಗೂ ಹೆಚ್ಚು ಸ್ಥಿತಿಗಳಿವೆ, ಅವುಗಳಲ್ಲಿ ಯಾವುದನ್ನೇ ಆಗಲಿ 20 ತಿರುವುಗಳ ಒಳಗೆ ಬಿಡಿಸಬಹುದು ಎಂದು 2010ರಲ್ಲಿ ಸಾಬೀತಾಗಿದೆ. ತಪ್ಪಾಗಿ ಕೂಡಿಸಿದ ಕ್ಯೂಬಿಗೆ ಇಪ್ಪತ್ತು ಸಾವಿರ ತಿರುವುಗಳೂ ಸಾಲವು. ಆ ಹುಡುಗ ಎರಡು ತಿಂಗಳು ತನ್ನನ್ನು ತಾನೇ ದಡ್ಡನೆಂದು ಬೈದುಕೊಂಡಿದ್ದ. ಕ್ಯೂಬನ್ನು 1974ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾಡಿದ ಎರ್ನೋ ರೂಬಿಕ್‌ಗೇ ತಾನು ಕಲಸಿದ್ದನ್ನು ಮೊದಲ ಸಲ ಬಿಡಿಸಲು ತಿಂಗಳ ಕಾಲ ಹಿಡಿದಿತ್ತು, ಅವರ ಕ್ಯೂಬ್ ಸರಿಯಾಗಿಯೇ ಇತ್ತು.

ದೋಷ ಮೂರು ಕಡೆ ಇರಬಹುದು: ಕೈಯಲ್ಲಿ, ಜೋಡಣೆಯಲ್ಲಿ, ಯಂತ್ರದಲ್ಲಿ. ಇದೇ ಕ್ರಮದಲ್ಲಿ ನೋಡಿ.

ಮೊದಲು ಕೈ

ನಾಲ್ಕು ತಿರುವುಗಳ ಒಂದು ಚಿಕ್ಕ ಸೂತ್ರ ಎಲ್ಲರಿಗೂ ಗೊತ್ತಿರುತ್ತದೆ: ಬಲ ಪದರ ಮೇಲಕ್ಕೆ, ಮೇಲಿನ ಪದರ ಎಡಕ್ಕೆ, ಬಲ ಪದರ ಕೆಳಕ್ಕೆ, ಮೇಲಿನ ಪದರ ಬಲಕ್ಕೆ. ಇದನ್ನು ಆರು ಸಲ ಮಾಡಿದರೆ ಕ್ಯೂಬ್ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಗೆ ಮರಳಬೇಕು. ಕಲಸಿದ ಕ್ಯೂಬ್ ಆದರೂ ಸರಿ. ಎದುರುಬದುರಿನ ಎರಡು ಮೂಲೆಗಳಿಂದ ಮೊಬೈಲ್‌ನಲ್ಲಿ ಎರಡು ಫೋಟೊ ತೆಗೆಯಿರಿ, ಆರೂ ಮುಖಗಳು ಅವುಗಳಲ್ಲಿ ಬರುತ್ತವೆ. ಇಪ್ಪತ್ತನಾಲ್ಕು ತಿರುವು ಮುಗಿಸಿ ಹೋಲಿಸಿ ನೋಡಿ. ಮರಳಿದ್ದರೆ ನಿಮ್ಮ ಕೈ ಸರಿಯಿದೆ. ಮರಳದಿದ್ದರೆ ಎಲ್ಲೋ ದಿಕ್ಕು ತಪ್ಪುತ್ತಿದೆ, ಅಥವಾ ಮಧ್ಯದಲ್ಲಿ ಇಡೀ ಕ್ಯೂಬನ್ನೇ ಹೊರಳಿಸುತ್ತಿದ್ದೀರಿ. ನಿಧಾನವಾಗಿ, ಬಾಯಲ್ಲಿ ಹೇಳಿಕೊಂಡು ಮಾಡಿ. ಒಂದು ಮಾತು ನೆನಪಿರಲಿ: ಈ ಪರೀಕ್ಷೆ ಅಳೆಯುವುದು ಕೈಯನ್ನು ಮಾತ್ರ. ಜೋಡಣೆ ಕೆಟ್ಟ ಕ್ಯೂಬ್ ಕೂಡ ತನ್ನ ಕೆಟ್ಟ ಸ್ಥಿತಿಗೇ ನಿಷ್ಠೆಯಿಂದ ಮರಳುತ್ತದೆ.

ನಾನು ಕಂಡ ಕೈತಪ್ಪುಗಳಲ್ಲಿ ಹೆಚ್ಚಿನವು ಕೊನೆಯ ಹಂತದವು. ಹಳದಿ ಮುಖ ಮೇಲಿದೆ, ಮೂಲೆಗಳು ತಮ್ಮ ತಮ್ಮ ಜಾಗದಲ್ಲಿವೆ, ಒಂದೊಂದನ್ನೇ ಬಲ-ಮುಂದಿನ ಜಾಗಕ್ಕೆ ತಂದು ತಿರುಗಿಸಬೇಕು. ಸೂತ್ರ ಹೀಗಿದೆ: ಬಲ ಪದರ ಕೆಳಕ್ಕೆ, ಕೆಳ ಪದರ ಎಡಕ್ಕೆ, ಬಲ ಪದರ ಮೇಲಕ್ಕೆ, ಕೆಳ ಪದರ ಬಲಕ್ಕೆ. ಒಂದು ಮೂಲೆಗೆ ಇದನ್ನು ಎರಡು ಸಲವೋ ನಾಲ್ಕು ಸಲವೋ ಮಾಡಬೇಕಾಗುತ್ತದೆ. ಮೂರನೆಯ ತಿರುವಿನಲ್ಲಿ, ಅಂದರೆ ಬಲ ಪದರ ಮೇಲೆ ಬಂದ ಕ್ಷಣದಲ್ಲೇ, ಹಳದಿ ಬಣ್ಣ ಮೇಲೆ ಕಾಣಿಸಿಬಿಡುತ್ತದೆ. ಕಂಡ ಸಂತೋಷಕ್ಕೆ ಮಕ್ಕಳು ಅಲ್ಲಿಯೇ ನಿಲ್ಲಿಸಿ ಮುಂದಿನ ಮೂಲೆಗೆ ಹೋಗುತ್ತಾರೆ, ನಾಲ್ಕನೆಯ ತಿರುವು ಉಳಿದುಬಿಡುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಕಲಸುತ್ತದೆ. ಹಳದಿ ಕಂಡ ಮೇಲೂ ಕೆಳ ಪದರವನ್ನು ಬಲಕ್ಕೆ ತಿರುಗಿಸಿಯೇ ಮುಂದೆ ಹೋಗಬೇಕು. ಮುಂದಿನ ಮೂಲೆಯನ್ನು ತರುವಾಗ ತಿರುಗಬೇಕಾದದ್ದು ಮೇಲಿನ ಪದರ ಮಾತ್ರ. ಕ್ಯೂಬನ್ನೇ ಹೊರಳಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ಇದೇ ಹಂತದಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ. ಎಲ್ಲ ಮೂಲೆಗಳಿಗೂ ಸೇರಿ ಸೂತ್ರವನ್ನು ಒಟ್ಟು ಎಷ್ಟು ಸಲ ಮಾಡಿದಿರಿ? ಸರಿಯಾದ ಕ್ಯೂಬ್‌ನಲ್ಲಿ ಆ ಮೊತ್ತ 6 ಆಗುತ್ತದೆ, ಇಲ್ಲವೇ 12. ಬೇರೆ ಸಂಖ್ಯೆ ಬರಲು ಸಾಧ್ಯವೇ ಇಲ್ಲ. ನಾಲ್ಕೂ ಹಳದಿ ಮೇಲೆ ಬಂದು, ಮೊತ್ತ 4, 8 ಅಥವಾ 10 ಆಗಿ, ಕೆಳಗಿನ ಪದರಗಳು ಕಲಸಿಯೇ ಉಳಿದಿದ್ದರೆ ತಪ್ಪು ನಿಮ್ಮದಲ್ಲ. ಒಂದು ಮೂಲೆ ತನ್ನ ಜಾಗದಲ್ಲೇ ತಿರುಚಿಕೊಂಡಿದೆ. ಅಳಿಯನ ನೋಟ್‌ಬುಕ್ಕಿನಲ್ಲಿ ನಾನು ಈ ಲೆಕ್ಕ ಬರೆಸಿದೆ. ಮೂರು ಸಲ ಬಿಡಿಸಿದ, ಮೂರು ಸಲವೂ ಆರರ ಮಗ್ಗಿಗೆ ಸೇರದ ಸಂಖ್ಯೆ ಬಂತು. ಅವನ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ.

ಸರಿಪಡಿಸುವುದು ಸುಲಭ. ಕೊನೆಯ ಮೂಲೆ ಇದ್ದ ಜಾಗದಲ್ಲೇ ಇರಲಿ, ಮೊತ್ತ ಮುಂದಿನ 6, 12 ಅಥವಾ 18 ಮುಟ್ಟುವವರೆಗೆ ಸೂತ್ರ ಮುಂದುವರಿಸಿ. ಕೆಳಗಿನ ಪದರಗಳು ತಾವಾಗಿ ಕೂಡಿಕೊಳ್ಳುತ್ತವೆ, ಆ ಒಂದು ಮೂಲೆ ಮಾತ್ರ ತಿರುಗಿ ನಿಲ್ಲುತ್ತದೆ. ಈಗ ಮೇಲಿನ ಪದರವನ್ನು ಸ್ವಲ್ಪ ಓರೆಯಾಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆ ಮೂಲೆಯನ್ನು ಹಿಡಿದು ತಿರುಚಿ. ಸಡಿಲ ಕ್ಯೂಬ್ ಆದರೆ ಸಣ್ಣದಾಗಿ ಟಕ್ ಎಂದು ತಿರುಗುತ್ತದೆ. ಇದು ಮೋಸವಲ್ಲ. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ನಡೆಸುವ ಸ್ಪರ್ಧೆಗಳಲ್ಲೂ ಒಂದೇ ಮೂಲೆ ತಿರುಚಿಕೊಂಡು ಕ್ಯೂಬ್ ಬಿಡಿಸಲಾಗದಂತಾದರೆ, ಬಿಚ್ಚದೆ ಅದನ್ನು ಕೈಯಿಂದಲೇ ತಿರುಚಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಸಡಿಲವಾದ ವೇಗದ ಕ್ಯೂಬ್‌ಗಳಲ್ಲಿ ಜೋರಾಗಿ ತಿರುಗಿಸುವಾಗ ಮೂಲೆ ತಾನಾಗಿಯೇ ತಿರುಚಿಕೊಳ್ಳುವುದುಂಟು. ಪದೇ ಪದೇ ಹೀಗಾದರೆ ಸ್ಕ್ರೂ ಬಿಗಿ ಮಾಡಬೇಕು, ಅದಕ್ಕೆ ಮುಂದೆ ಬರುತ್ತೇನೆ.

ಜೋಡಣೆಯ ಉಳಿದ ದೋಷಗಳು

ಕೆಳಗಿನ ಎರಡು ಪದರ ಮುಗಿದ ಮೇಲೆ ಹಳದಿ ಮುಖವನ್ನು ನೋಡಿ. ಮೂಲೆಗಳನ್ನು ಬಿಡಿ, ಅವುಗಳ ನಡುವೆ ಕೂರುವ, ಎರಡು ಬಣ್ಣದ ನಾಲ್ಕು ಅಂಚಿನ ತುಂಡುಗಳಲ್ಲಿ ಎಷ್ಟರ ಹಳದಿ ಮೇಲಿದೆ ಎಂದು ಎಣಿಸಿ. ಸೊನ್ನೆ, ಎರಡು, ನಾಲ್ಕು: ಮೂರೂ ಸರಿ. ಒಂದು ಅಥವಾ ಮೂರು ಎಣಿಸಿದರೆ ಅಲ್ಲಿಗೇ ನಿಲ್ಲಿಸಿ. ಯಾವುದೋ ಒಂದು ಅಂಚು ತಿರುವುಮುರುವಾಗಿ ಕೂತಿದೆ, ಹಳದಿ ಪ್ಲಸ್ ಎಂದಿಗೂ ಬರುವುದಿಲ್ಲ. ಅಂಚನ್ನು ಮೂಲೆಯಂತೆ ಜಾಗದಲ್ಲೇ ತಿರುಚಲು ಬಾರದು, ಕಿತ್ತು ಹಾಕಬೇಕು. ಮೇಲಿನ ಪದರವನ್ನು 45 ಡಿಗ್ರಿ ತಿರುಗಿಸಿ, ಅಂಚಿನ ತುಂಡಿನ ಕೆಳಗೆ ಹೆಬ್ಬೆರಳಿಟ್ಟು ಮೇಲಕ್ಕೆ ಮೀಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ತುಂಡಿನ ಒಳಗಿನ ಕಾಲು ಮುರಿಯುತ್ತದೆ.

ಎರಡನೆಯ ಲಕ್ಷಣ. ಪ್ಲಸ್ ಬಂತು, ಅಂಚುಗಳು ಪಕ್ಕದ ಮಧ್ಯದ ಬಣ್ಣಗಳಿಗೆ ಕೂಡಿದವು, ಈಗ ಮೂಲೆಗಳು ಸರಿಯಾದ ಜಾಗದಲ್ಲಿವೆಯೇ ಎಂದು ನೋಡುತ್ತೀರಿ. ಬಣ್ಣ ತಿರುಗಿದ್ದರೂ ಚಿಂತೆಯಿಲ್ಲ, ಜಾಗ ಮುಖ್ಯ. ನಾಲ್ಕೂ ಸರಿ ಇರಬಹುದು, ಒಂದು ಸರಿ ಇರಬಹುದು, ಒಂದೂ ಸರಿ ಇಲ್ಲದಿರಬಹುದು. ಸರಿಯಾಗಿ ಎರಡು ಮೂಲೆಗಳು ಮಾತ್ರ ಜಾಗದಲ್ಲಿದ್ದು ಉಳಿದೆರಡು ಅದಲುಬದಲಾಗಿದ್ದರೆ ಜೋಡಣೆ ತಪ್ಪಿದೆ. ಒಂದೂ ಸರಿ ಇಲ್ಲದಿದ್ದಾಗ ಮೂರು ಮೂಲೆಗಳನ್ನು ಸುತ್ತಿಸುವ ಸೂತ್ರವನ್ನು ಒಂದು ಸಲ ಮಾಡಿ, ಆಗ ಒಂದು ಮೂಲೆ ಜಾಗಕ್ಕೆ ಬಂದೇ ಬರಬೇಕು. ಬರದಿದ್ದರೆ, ಅಥವಾ ಎರಡು ಒಟ್ಟಿಗೆ ಬಂದರೆ, ತೀರ್ಪು ಅದೇ. ಯಾವುದಾದರೂ ಎರಡು ಅಂಚಿನ ತುಂಡುಗಳನ್ನು ಕಿತ್ತು ಅದಲುಬದಲು ಮಾಡಿ ಕೂಡಿಸಿ, ಮುಂದೆ ಬಿಡಿಸಬಹುದು.

ಮೂಲೆ ಮೂರು ರೀತಿ, ಅಂಚು ಎರಡು ರೀತಿ, ಅದಲುಬದಲು ಎರಡು ರೀತಿ. ಗುಣಿಸಿದರೆ ಹನ್ನೆರಡು. ಮೊದಲು ಹೇಳಿದ ಹನ್ನೆರಡರಲ್ಲಿ ಒಂದು ಎಂಬ ಲೆಕ್ಕ ಹುಟ್ಟುವುದು ಇಲ್ಲಿಂದ. ಎರಡು ಮೂರು ದೋಷಗಳು ಒಟ್ಟಿಗೆ ಕಂಡರೆ ತಲೆ ಕೆಡಿಸಿಕೊಳ್ಳದೆ ಪೂರ್ತಿ ಬಿಚ್ಚಿ, ಬಿಡಿಸಿದ ಸ್ಥಿತಿಯಲ್ಲೇ ಕೂಡಿಸಿಬಿಡಿ.

ಇನ್ನೊಂದು ದೋಷ ಬಹಳ ಮಂದಿಯನ್ನು ಅಲೆದಾಡಿಸುತ್ತದೆ. ಬಿಳಿ ಪ್ಲಸ್ ಸಲೀಸಾಗಿ ಬರುತ್ತದೆ, ಮೊದಲ ಮೂಲೆಯೇ ಕೂಡುವುದಿಲ್ಲ. ಬಿಳಿ ಕೆಳಗೆ ಸರಿಯಾಗಿ ಕೂತಿದೆ, ಆದರೆ ಹಸಿರು ಕೆಂಪಿನ ಪಕ್ಕಕ್ಕೂ ಕೆಂಪು ಹಸಿರಿನ ಪಕ್ಕಕ್ಕೂ ಬಂದು ನಿಲ್ಲುತ್ತದೆ. ಬೇರೆ ಮೂಲೆ ಹಾಕಿದರೂ ಅದೇ ಕಥೆ. ಯಾರೋ ಮುಖಗಳ ಮಧ್ಯದ ತುಂಡುಗಳ ಬಣ್ಣದ ಮುಚ್ಚಳಗಳನ್ನು ಕಿತ್ತು ತಪ್ಪು ಜಾಗದಲ್ಲಿ ಒತ್ತಿದ್ದಾರೆ, ಹೆಚ್ಚಾಗಿ ಕೆಂಪು ಮತ್ತು ಕಿತ್ತಳೆ. ಬಿಳಿಯ ಎದುರು ಹಳದಿ, ಕೆಂಪಿನ ಎದುರು ಕಿತ್ತಳೆ, ನೀಲಿಯ ಎದುರು ಹಸಿರು ಎಂದು ನೋಡಿ ಸಮಾಧಾನಪಟ್ಟರೆ ಸಾಲದು, ಏಕೆಂದರೆ ಎದುರುಬದುರಿನ ಎರಡು ಅದಲಾದರೂ ಆ ನಿಯಮ ಹಾಗೆಯೇ ಉಳಿಯುತ್ತದೆ. ಸುತ್ತಿನ ಸರದಿಯನ್ನು ನೋಡಬೇಕು. ಬಿಳಿ ಕೆಳಗೆ, ಹಸಿರು ಮುಂದೆ ಹಿಡಿದಾಗ ಸಾಮಾನ್ಯ ಕ್ಯೂಬ್‌ನಲ್ಲಿ ಕಿತ್ತಳೆ ಬಲಕ್ಕೆ, ಕೆಂಪು ಎಡಕ್ಕೆ ಇರುತ್ತದೆ. ಅಗ್ಗದ ಕೆಲವು ಕ್ಯೂಬ್‌ಗಳಲ್ಲಿ ಬಣ್ಣಗಳ ಏರ್ಪಾಡೇ ಬೇರೆ ಇರುವುದುಂಟು, ಆಗ ಮೂಲೆ ತುಂಡನ್ನೇ ನಂಬಿ. ಮೂಲೆಯ ಮೂರು ಬಣ್ಣಗಳ ಸರದಿಗೆ ಮಧ್ಯದ ಮುಚ್ಚಳಗಳು ಹೊಂದಬೇಕು.

ಭಾನುವಾರ ಬೆಳಿಗ್ಗೆ ಗೋಲಗುಮ್ಮಟದ ಹುಲ್ಲಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಇದನ್ನು ವಿವರಿಸುತ್ತೇನೆ. ಆ ಕಟ್ಟಡವೇ ಒಂದು ದೊಡ್ಡ ಘನ, ಒಂದೊಂದು ಬದಿ ಸುಮಾರು 47.5 ಮೀಟರ್, ನಾಲ್ಕು ಮೂಲೆಗೂ ಏಳಂತಸ್ತಿನ ಗೋಪುರ. ಎಷ್ಟು ಸುತ್ತು ಹಾಕಿದರೂ ಗೋಪುರಗಳ ಸರದಿ ಬದಲಾಗುವುದಿಲ್ಲ. ಕ್ಯೂಬಿನ ಮಧ್ಯದ ಆರು ತುಂಡುಗಳೂ ಹಾಗೆಯೇ, ನಿಂತಲ್ಲೇ ತಿರುಗುತ್ತವೆ, ಜಾಗ ಬಿಡುವುದಿಲ್ಲ. ಒಂದು ಸುತ್ತು ಓಡಿ ಬಂದ ಮಕ್ಕಳಿಗೆ ಇದು ಮರೆಯುವುದಿಲ್ಲ.

ಸ್ಟಿಕ್ಕರ್ ಅಂಟಿಸಿದ ಹಳೆಯ ಮಾದರಿಯಾದರೆ ಸ್ಟಿಕ್ಕರ್ ಕಿತ್ತು ಅಂಟಿಸಿದ್ದಾರೆಯೇ ನೋಡಿ. ಬಿಳಿ ಮತ್ತು ಹಳದಿ ಎರಡೂ ಇರುವ ತುಂಡು ಸಿಕ್ಕರೆ ಸಂಶಯವೇ ಬೇಡ. ಪ್ರತಿ ಬಣ್ಣವೂ ನಾಲ್ಕು ಅಂಚುಗಳಲ್ಲಿ, ನಾಲ್ಕು ಮೂಲೆಗಳಲ್ಲಿ ಇರಬೇಕು.

ಯಂತ್ರದ ದೋಷ: ಹಿಡಿಯುವುದು, ಸಿಡಿಯುವುದು, ಸದ್ದು

ಇದು ನನ್ನ ಕಸುಬಿಗೆ ಹತ್ತಿರದ ಭಾಗ. ನಮ್ಮ ಜಿಲ್ಲೆಯ ದೊಡ್ಡ ಶತ್ರು ದೂಳು. ಹಿಂಗಾರಿ ಜೋಳದ ರಾಶಿ ನಡೆಯುವ ದಿನಗಳಲ್ಲಿ ಎರೆಮಣ್ಣಿನ ಸಣ್ಣ ಪುಡಿ ಮುಚ್ಚಿದ ಪೆಟ್ಟಿಗೆಯೊಳಕ್ಕೂ ಇಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗಿ ತಂದ ಕ್ಯೂಬ್ ಅರ್ಧ ತಿರುಗಿ ಕಚ್ಚಿಕೊಳ್ಳುತ್ತಿತ್ತು. ಬಿಚ್ಚಿದೆ. ತುಂಡುಗಳ ಒಳ ಬೆನ್ನಿಗೆಲ್ಲ ಕಾಡಿಗೆಯಂಥ ಕಪ್ಪು ಲೇಪ ಹಿಡಿದಿತ್ತು, ಉಗುರಿನಿಂದ ಕೆರೆದರೆ ಸುರುಳಿಯಾಗಿ ಏಳುತ್ತಿತ್ತು, ಮೂಸಿದರೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಹಸಿರು ಮಧ್ಯದ ಕುತ್ತಿಗೆಗೆ ಉದ್ದನೆಯ ಕೂದಲೊಂದು ಏಳೆಂಟು ಸುತ್ತು ಬಿಗಿದು ಕೂತಿತ್ತು. ಚಿಮಟದಿಂದ ಆ ಕೂದಲನ್ನು ಬಿಡಿಸಿದ್ದೇ ಹಸಿರು ಬದಿ ಬೆರಳು ತಾಗಿದರೆ ತಿರುಗತೊಡಗಿತು.

ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ನನ್ನ ಅಂಗಡಿಯ ಬೇರಿಂಗ್ ಗ್ರೀಸ್: ಯಾವುದೂ ಬೇಡ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ದೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ. ಪೆಟ್ರೋಲಿಯಂ ಎಣ್ಣೆಗಳು ಪ್ಲಾಸ್ಟಿಕ್ಕನ್ನೇ ಕೆಡಿಸಬಲ್ಲವು. ಸಿಲಿಕೋನ್ ಎಣ್ಣೆ ಬಳಸಿ, ಅದೂ ಎರಡು ಮೂರು ಹನಿ. ಹಾಕುವ ಮೊದಲು ತುಂಡುಗಳನ್ನು ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಬೆರೆಸಿ ತೊಳೆಯಿರಿ. ಸ್ಕ್ರೂ, ಸ್ಪ್ರಿಂಗ್ ಇರುವ ನಡುಭಾಗವನ್ನು ನೀರಿಗೆ ಹಾಕಬೇಡಿ, ತುಕ್ಕು ಹಿಡಿಯುತ್ತದೆ. ಒಣ ಬ್ರಷ್‌ನಿಂದ ಒರೆಸಿ. ಒಣಗಿಸುವುದು ನೆರಳಿನಲ್ಲಿ, ಫ್ಯಾನ್ ಕೆಳಗೆ. ಏಪ್ರಿಲ್ ಬಿಸಿಲಿನ ಮಾಳಿಗೆಯ ಮೇಲಿಟ್ಟರೆ ತುಂಡುಗಳು ಸೊಟ್ಟಗಾಗಬಹುದು.

ಬಿಗಿತ ನೋಡುವ ಬಗೆ ಇದು. ಎದುರುಬದುರಿನ ಎರಡು ಮಧ್ಯದ ತುಂಡುಗಳನ್ನು ಹಿಡಿದು ಹೊರಕ್ಕೆ ಮೆಲ್ಲಗೆ ಎಳೆಯಿರಿ. ಮೂರು ಜೋಡಿಯೂ ಒಂದೇ ಸಮನೆ ಸರಿಯಬೇಕು. ಒಂದು ಬದಿ ಹೆಚ್ಚು ಸಡಿಲವಾಗಿದ್ದರೆ ತುಂಡು ಸಿಡಿಯುವುದು, ಮೂಲೆ ತಿರುಚುವುದು ಆ ಬದಿಯಿಂದಲೇ. ಮುಚ್ಚಳ ತೆಗೆದು ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ತಿರುಗಿಸಿ ನೋಡಿ, ಬೇಕಾದರೆ ಇನ್ನೊಂದು ಕಾಲು ಸುತ್ತು. ಒಂದು ಸಲಕ್ಕೆ ಒಂದೇ ಮುಚ್ಚಳ ತೆಗೆಯಿರಿ. ಆರನ್ನೂ ಒಟ್ಟಿಗೆ ತೆಗೆದವರೇ ಮೇಲೆ ಹೇಳಿದ ಕೆಂಪು-ಕಿತ್ತಳೆಯ ಬಲೆಗೆ ಬೀಳುವವರು. ಸ್ಕ್ರೂ ಇಲ್ಲದೆ ರಿವೆಟ್ ಹೊಡೆದ ಜಾತ್ರೆಯ ಕ್ಯೂಬ್ ಆದರೆ ಬಿಗಿತ ಸರಿಪಡಿಸುವ ದಾರಿಯಿಲ್ಲ. ಅದರಲ್ಲಿ ಕಲಿಯಬಹುದು, ವೇಗಕ್ಕೆ ಮಾತ್ರ ಬೇರೆಯದೇ ಬೇಕು.

ಆಯಸ್ಕಾಂತವಿರುವ ಕ್ಯೂಬ್‌ನಲ್ಲಿ ಒಂದು ಬದಿ ಮಾತ್ರ ಸರಿಯಾಗಿ ಹೊಂದಿ ನಿಲ್ಲದೆ ಜಾರಿದರೆ, ಅಲುಗಿಸಿದಾಗ ಒಳಗೆ ಕಟಕಟ ಸದ್ದು ಬಂದರೆ, ಒಂದು ಆಯಸ್ಕಾಂತ ಅಂಟು ಬಿಟ್ಟಿದೆ. ಅಂಟಿಸುವ ಮೊದಲು ಪಕ್ಕದ ತುಂಡಿಗೆ ಹಿಡಿದು ಸೆಳೆಯುವ ಮುಖ ಯಾವುದೆಂದು ಪೆನ್ನಿನಿಂದ ಗುರುತು ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಗುಂಡಿಯಷ್ಟು ಚಿಕ್ಕ ಆಯಸ್ಕಾಂತ ಕೈಗೆ ಸಿಗುವವರೆಗೆ ನೆಲ ಗುಡಿಸಿ ಹುಡುಕಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ನುಂಗಿದ ಸಂಶಯ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಓಡಬೇಕು.

ಎಲ್ಲ ಸರಿ, ವೇಗ ಮಾತ್ರ ಒಂದು ನಿಮಿಷಕ್ಕೆ ನಿಂತುಬಿಟ್ಟಿದೆ

ಇದಕ್ಕೂ ಅಳತೆಯೇ ಮದ್ದು. ಬಿಡಿಸುವಾಗ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ತಿರುವುಗಳನ್ನು ಎಣಿಸಿ. ಪದರ ಪದರವಾಗಿ ಬಿಡಿಸುವ ಆರಂಭದ ವಿಧಾನಕ್ಕೆ ನೂರಕ್ಕೂ ಹೆಚ್ಚು ತಿರುವು ಬೇಕು. ಸೆಕೆಂಡಿಗೆ ಮೂರು ತಿರುವು ಬರುವ ಕೈಗೆ ಅದು ಮೂವತ್ತೈದು ನಲವತ್ತು ಸೆಕೆಂಡಿನ ಕೆಲಸ. ಉಳಿದ ಇಪ್ಪತ್ತು ಸೆಕೆಂಡು ಕೈ ನಿಂತು ಕಣ್ಣು ಹುಡುಕಿದ ಸಮಯ. ಆಗ ಇನ್ನೂ ಜೋರಾಗಿ ತಿರುಗಿಸಿದರೆ ಪ್ರಯೋಜನವಿಲ್ಲ. ನಿಧಾನ ಮಾಡಿ, ಈ ತುಂಡು ಕೂರುತ್ತಿರುವಾಗಲೇ ಮುಂದಿನದನ್ನು ಕಣ್ಣಿನಿಂದ ಹಿಡಿಯಿರಿ. ಎಣಿಕೆ ನೂರನ್ನು ದಾಟಿದ್ದು ವಿರಾಮ ಕಡಿಮೆಯಿದ್ದರೆ ವಿಧಾನವನ್ನೇ ಬದಲಿಸುವ ಕಾಲ ಬಂದಿದೆ. ಸಂಜೆ ಮಂದ ಬೆಳಕಿನಲ್ಲಿ ಮಾತ್ರ ವೇಗ ಕುಸಿಯುತ್ತಿದ್ದರೆ ಕೆಂಪು ಮತ್ತು ಕಿತ್ತಳೆ ಒಂದಾಗಿ ಕಾಣುತ್ತಿವೆ ಎಂದರ್ಥ, ಬಲ್ಬ್ ಬದಲಿಸಿ.

ದೋಷವಲ್ಲದ ದೋಷ

ನಾಲ್ಕು ಸಾಲಿನ ಕ್ಯೂಬ್‌ಗೆ ಹೋದವರು ಮೊದಲ ವಾರದಲ್ಲೇ ಗಾಬರಿಯಾಗಿ ಬರುತ್ತಾರೆ: ಕೊನೆಯಲ್ಲಿ ಒಂದೇ ಒಂದು ಅಂಚು ತಿರುವುಮುರುವಾಗಿದೆ, ಅಥವಾ ಎರಡು ತುಂಡು ಮಾತ್ರ ಅದಲುಬದಲಾಗಿವೆ. ಮೂರು ಸಾಲಿನದರಲ್ಲಿ ಇದು ಜೋಡಣೆಯ ತಪ್ಪು ಎಂದು ಈಗಷ್ಟೇ ಬರೆದೆ. ನಾಲ್ಕು ಸಾಲಿನದರಲ್ಲಿ ಇದು ಸಹಜ. ಅಲ್ಲಿ ಒಂದು ಅಂಚು ಎಂದು ನಾವು ಕೂಡಿಸುವುದು ಎರಡು ತುಂಡುಗಳ ಜೋಡಿ, ಹಾಗಾಗಿ ಎರಡರಲ್ಲಿ ಒಂದು ಸಲ ಅಂಚು ತಿರುಗಿಯೇ ಬರುತ್ತದೆ, ಎರಡರಲ್ಲಿ ಒಂದು ಸಲ ಅದಲುಬದಲೂ ಬರುತ್ತದೆ. ಎರಡೂ ಬರದ ಸಲಗಳು ನಾಲ್ಕರಲ್ಲಿ ಒಂದು ಮಾತ್ರ. ಎರಡಕ್ಕೂ ಬೇರೆ ಬೇರೆ ಸೂತ್ರಗಳಿವೆ, ಕಲಿಯಿರಿ. ಮೊದಲ ಮೂಲೆಯೇ ಕೂಡದಿದ್ದರೆ ಮಾತ್ರ ಮಧ್ಯದ ಬಣ್ಣಗಳ ಸರದಿಯನ್ನು ನೀವೇ ತಪ್ಪಾಗಿ ಕಟ್ಟಿದ್ದೀರಿ. ಅಲ್ಲಿ ಮಧ್ಯಗಳು ಜಾಗ ಬಿಟ್ಟು ಓಡಾಡುತ್ತವೆ, ಮುಚ್ಚಳ ಕೀಳುವ ಅಗತ್ಯವಿಲ್ಲ, ತಿರುಗಿಸಿಯೇ ಸರಿಪಡಿಸಬಹುದು. ಎರಡು ಸಾಲಿನ ಚಿಕ್ಕ ಕ್ಯೂಬ್‌ನಲ್ಲಿ ಅಂಚುಗಳೇ ಇಲ್ಲ, ಎರಡು ಮೂಲೆ ಅದಲುಬದಲಾಗಿ ಕಂಡರೆ ಅದೂ ಸಹಜವೇ. ಅಲ್ಲಿ ನೋಡಬೇಕಾದದ್ದು ತಿರುಚಿದ ಒಂಟಿ ಮೂಲೆಯನ್ನು ಮಾತ್ರ.